ಇಪ್ಪತ್ತು ವರ್ಷದ ಸಾಲ ಮತ್ತು 2038ರ ಗಡಿ

ಶಿರಸಿ ಸುತ್ತಮುತ್ತಲಿನ ಕೆಲವು ಸಹಕಾರಿ ಸಂಘಗಳ ಲೆಕ್ಕದ ತಂತ್ರಾಂಶವನ್ನು ನೋಡಿಕೊಳ್ಳುವುದು ನನ್ನ ಕೆಲಸ. ಒಂದು ಸಂಘದಲ್ಲಿ, ಅಡಿಕೆ ಬೆಳೆಗಾರರಾದ ಸದಸ್ಯರೊಬ್ಬರಿಗೆ ಮನೆ ಕಟ್ಟಲು ಇಪ್ಪತ್ತು ವರ್ಷದ ಸಾಲ ಮಂಜೂರಾದ ಮರುದಿನವೇ ಅವರ ಹೆಸರು ಸುಸ್ತಿದಾರರ ಪಟ್ಟಿಯ ತುದಿಯಲ್ಲಿ ಬಂದಿತ್ತು. ಮೊದಲ ಕಂತಿನ ದಿನವೇ ಇನ್ನೂ ಬಂದಿರಲಿಲ್ಲ. ಕಂತುಗಳ ಪಟ್ಟಿಯನ್ನು ಮುದ್ರಿಸಿ ನೋಡಿದರೆ 05-01-2038ರವರೆಗೆ ಎಲ್ಲವೂ ಸರಿಯಾಗಿತ್ತು; ಅದರ ಮುಂದಿನ ಕಂತು 30-12-1901ಕ್ಕೆ, ನಂತರದ್ದು 27-01-1902ಕ್ಕೆ ಎಂದು ಅಚ್ಚಾಗಿತ್ತು.

ಆ ತಂತ್ರಾಂಶ ತಾರೀಖನ್ನು ತಾರೀಖಾಗಿ ಇಟ್ಟುಕೊಳ್ಳುತ್ತಿರಲಿಲ್ಲ. ಯುನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ಪದ್ಧತಿಯಂತೆ, 1970ರ ಜನವರಿ 1ರ ಯುಟಿಸಿ (ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಮಧ್ಯರಾತ್ರಿಯಿಂದ ಎಷ್ಟು ಸೆಕೆಂಡುಗಳಾದವು ಎಂಬ ಒಂದೇ ಸಂಖ್ಯೆಯನ್ನು ಅದು 32 ಬಿಟ್‌ಗಳಲ್ಲಿ, ಅಂದರೆ ಸೊನ್ನೆ ಅಥವಾ ಒಂದು ಮಾತ್ರ ಹಿಡಿಸುವ 32 ಮನೆಗಳಲ್ಲಿ, ಬರೆದಿಡುತ್ತಿತ್ತು. ಅದರಲ್ಲಿ ಒಂದು ಬಿಟ್ ಧನ ಅಥವಾ ಋಣ ಚಿಹ್ನೆಗೆ ಹೋಗುವುದರಿಂದ ಹಿಡಿಸಬಹುದಾದ ಅತಿ ದೊಡ್ಡ ಸಂಖ್ಯೆ 2147483647, ಅಂದರೆ 214 ಕೋಟಿ ಚಿಲ್ಲರೆ. ನಮ್ಮ ಗಡಿಯಾರದಲ್ಲಿ ಈ ಎಣಿಕೆ ತುಂಬುವುದು 2038ರ ಜನವರಿ 19ರ ಬೆಳಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ. ಮುಂದಿನ ಸೆಕೆಂಡಿನಲ್ಲಿ ಸಂಖ್ಯೆ ಋಣಕ್ಕೆ ಹೊರಳಿ 1901ರ ಡಿಸೆಂಬರಿಗೆ ಹೋಗಿ ನಿಲ್ಲುತ್ತದೆ. ಹೀಗೆ ಹಿಂದಕ್ಕೆ ಬೀಳುವ ದೂರ 49,710 ದಿನ ಮತ್ತು ಆರೂವರೆ ಗಂಟೆಯಷ್ಟಾದ್ದರಿಂದಲೇ ಐದನೇ ತಾರೀಖಿನ ಕಂತು ಮೂವತ್ತಕ್ಕೆ ಸರಿದಿತ್ತು. ಇದು ಬೆರಳಚ್ಚಿನ ತಪ್ಪಲ್ಲ ಎಂಬುದಕ್ಕೆ ಆ ಸರಿತವೇ ಸಾಕ್ಷಿಯಾಯಿತು.

2038 ಇನ್ನೂ ದೂರವಿದೆ ಎಂದು ಹೇಳುವವರು ಗಡಿಯಾರವನ್ನು ಮಾತ್ರ ನೋಡುತ್ತಾರೆ. ಆ ತಾರೀಖನ್ನು ಒಂದು ಲೆಕ್ಕ ಮೊದಲ ಬಾರಿಗೆ ಮುಟ್ಟಿದ ದಿನವೇ ತೊಂದರೆ ಬಂದಿರುತ್ತದೆ, ಮತ್ತು ಇಪ್ಪತ್ತು ವರ್ಷದ ಸಾಲಗಳ ಮಟ್ಟಿಗೆ ಆ ದಿನ 2018ರಲ್ಲೇ ಬಂದಾಗಿತ್ತು. ಕಾರವಾರದ ದೋಣಿಗಳಲ್ಲಿರುವಂಥ ಜಿಪಿಎಸ್ ಉಪಕರಣಗಳಿಗೂ ಇಂಥದೇ ಗಡಿಯಿದೆ: ಅದರ ಮೂಲ ಸಂಕೇತದಲ್ಲಿ ವಾರದ ಎಣಿಕೆಗೆ 10 ಬಿಟ್‌ಗಳು ಮಾತ್ರ ಇರುವುದರಿಂದ 1024 ವಾರಕ್ಕೊಮ್ಮೆ ಅದು ಸೊನ್ನೆಗೆ ಮರಳುತ್ತದೆ. 1999ರಲ್ಲಿ ಮತ್ತು 2019ರಲ್ಲಿ ಹಾಗಾಗಿದೆ. ಮುಂದಿನದು 2038ರ ನವೆಂಬರಿನಲ್ಲಿ.

ಎಣಿಕೆಯನ್ನು 64 ಬಿಟ್‌ಗೆ ಹಿಗ್ಗಿಸಿದರೆ ಸುಮಾರು 29,200 ಕೋಟಿ ವರ್ಷಗಳವರೆಗೆ ಸಾಲುತ್ತದೆ. ರಸೀದಿ ಹರಿದ ಗಳಿಗೆಯನ್ನು ಬರೆದಿಡಲು ನಾವು ಹಾಗೆಯೇ ಮಾಡಿದೆವು. ಆದರೆ ಕಂತಿನ ದಿನವನ್ನು ಸೆಕೆಂಡುಗಳಲ್ಲಿ ಇಡುವುದೇ ಸರಿಯಲ್ಲವೆಂಬುದು ನನ್ನ ದೃಢ ಅಭಿಪ್ರಾಯ. ಶಿರಸಿಯ ಮಧ್ಯರಾತ್ರಿ ಎಂದರೆ ಯುಟಿಸಿಯಲ್ಲಿ ಹಿಂದಿನ ದಿನದ ಸಂಜೆ ಆರೂವರೆ. ಸರ್ವರ್ ಯುಟಿಸಿಯಲ್ಲಿ ಓಡುತ್ತಿದ್ದರೆ ಐದನೇ ತಾರೀಖಿನ ಕಂತು ನಾಲ್ಕಕ್ಕೆ ಅಚ್ಚಾಗಬಹುದು. ಆದ್ದರಿಂದ ಕಂತಿನ ದಿನವನ್ನು ವರ್ಷ, ತಿಂಗಳು, ದಿನವಾಗಿಯೇ ಉಳಿಸುವಂತೆ ಬದಲಿಸಿದೆವು. ಮಾಹಿತಿ ಸಂಗ್ರಹಿಸಿಡುವ ಮೈಎಸ್‌ಕ್ಯೂಎಲ್ ತಂತ್ರಾಂಶವನ್ನು ಬಳಸುವವರು ಇದಕ್ಕೆ 9999ರವರೆಗೆ ನಡೆಯುವ ಡೇಟ್ ಮಾದರಿಯನ್ನು ಆರಿಸಬೇಕು. ಅದರ ಟೈಮ್‌ಸ್ಟ್ಯಾಂಪ್ ಮಾದರಿಯೂ 2038ರ ಅದೇ ಸೆಕೆಂಡಿಗೆ ಮುಗಿಯುತ್ತದೆ.

ಹೊಸ ಆವೃತ್ತಿಯನ್ನು ಸಂಘಕ್ಕೆ ಕೊಡುವ ಮೊದಲು ಈಗ ಇಪ್ಪತ್ತೈದು ವರ್ಷದ ಒಂದು ಪರೀಕ್ಷಾ ಸಾಲವನ್ನು ತೆರೆದು, 2038ರ ಜನವರಿ ಮತ್ತು ಫೆಬ್ರವರಿಯ ಕಂತುಗಳನ್ನೂ 2040ರ ಫೆಬ್ರವರಿ 29ನ್ನೂ ಕಣ್ಣಾರೆ ನೋಡುತ್ತೇವೆ. ಹಳೆಯ ಸಾಲಗಳಲ್ಲಿ 2038 ದಾಟುವವುಗಳ ಕಂತುಗಳನ್ನು ಹೊಸದಾಗಿ ಲೆಕ್ಕಹಾಕಿ, ಪ್ರತಿಯೊಂದನ್ನೂ ಸದಸ್ಯರು ಸಹಿ ಮಾಡಿದ ಸಾಲಪತ್ರದೊಂದಿಗೆ ತಾಳೆ ನೋಡಿದ ಮೇಲೆಯೇ ಖಾತೆಗೆ ಏರಿಸಿದೆವು.