ಒಂದೂವರೆ ದೇವರು

ಎಡಿನ್‌ಬರೋದಲ್ಲಿ ಗಣೇಶನ ಹಬ್ಬ ಮಾಡುವುದಕ್ಕೆ ಒಂದು ಅನುಕೂಲವಿದೆ. ಚೌತಿಯ ಚಂದ್ರನನ್ನು ನೋಡಿ ಅಪವಾದ ಹೊತ್ತುಕೊಳ್ಳುವ ಭಯ ಅಷ್ಟಾಗಿ ಇಲ್ಲ, ಮೋಡವೇ ಕಾಪಾಡುತ್ತದೆ. 2024ರ ಚೌತಿ ಸೆಪ್ಟೆಂಬರ್ 7ರ ಶನಿವಾರವೇ ಬಂದದ್ದರಿಂದ ರಜೆಯ ತಾಪತ್ರಯವೂ ಇರಲಿಲ್ಲ. ವಾರ ಮೊದಲೇ ಜೇಡಿಮಣ್ಣು ತಂದುಕೊಟ್ಟಿದ್ದೆ. ಸೊಂಡಿಲು ಎರಡು ಸಲ ಕಳಚಿ ಬಿತ್ತು. ಮೂರನೆಯ ಸಲ ಮಕ್ಕಳು ಅದನ್ನು ಹೊಟ್ಟೆಗೇ ಅಂಟಿಸಿ, ಗಣಪನನ್ನು ಕಿಟಕಿಯ ಬಳಿ ಒಣಗಲು ಇಟ್ಟರು. ಗರಿಕೆ ಸಿಗಲಿಲ್ಲ; ಹಿತ್ತಲಿನ ಹುಲ್ಲನ್ನೇ ಇಪ್ಪತ್ತೊಂದು ಎಳೆ ಎಣಿಸಿ ತಂದರು.

ಮೊಬೈಲ್ ನೋಡಿಕೊಂಡು ಪ್ರಾಣಪ್ರತಿಷ್ಠೆಯ ಮಂತ್ರ ಓದುತ್ತಿದ್ದೆ. ಒಂಬತ್ತು ವರ್ಷದ ಮಗಳು ತಡೆದಳು. "ಅಪ್ಪಾ, ಇದನ್ನು ನಾವೇ ಮಾಡಿದ್ದಲ್ಲವೇ? ದೇವರು ಹೇಗಾಗುತ್ತದೆ?"

ಈ ಪ್ರಶ್ನೆಗೆ ನನ್ನ ಬಾಲ್ಯದಲ್ಲಿ ಸಿಗುತ್ತಿದ್ದ ಉತ್ತರ "ಸುಮ್ಮನೆ ಕೂತುಕೋ" ಎಂಬುದು. ಪೂಜೆ ಮಣ್ಣಿಗಲ್ಲ, ಅದರೊಳಗೆ ಬಂದು ಕೂರು ಎಂದು ಕರೆದವನಿಗೆ ಎಂದೆ. ಹದಿನಾರು ಉಪಚಾರ ಎಂದರೆ ಮನೆಗೆ ಬಂದವರಿಗೆ ಮಾಡುವ ಸತ್ಕಾರವೇ: ಕೂರಲು ಆಸನ, ಕಾಲಿಗೆ ನೀರು, ಸ್ನಾನ, ವಸ್ತ್ರ, ಗಂಧ, ಹೂವು, ಆಮೇಲೆ ಊಟ.

"ಎಲ್ಲ ಕಡೆ ಇರುತ್ತಾನೆ ಎಂದಿದ್ದೆ. ಇರುವವನನ್ನು ಕರೆಯುವುದು ಏಕೆ?"

ಸಿಕ್ಕಿಬಿದ್ದೆ. ಶಿವಮೊಗ್ಗದಿಂದ ವಿಡಿಯೋ ಕರೆಯಲ್ಲಿ ಪೂಜೆ ನೋಡುತ್ತಿದ್ದ ಅಮ್ಮನೇ ಕೈಹಿಡಿದರು. "ಗಾಳಿಯೂ ಎಲ್ಲ ಕಡೆ ಇದೆಯಲ್ಲ ಪುಟ್ಟೀ, ಸೆಕೆಯಾದಾಗ ಬೀಸಣಿಗೆ ಏಕೆ ಬೀಸಿಕೊಳ್ಳುತ್ತೇವೆ?" ಸೆಕೆಯೇ ಕಾಣದ ಊರಿನ ಹುಡುಗಿಗೆ ಅದು ಎಷ್ಟು ತಿಳಿಯಿತೋ, ಸುಮ್ಮನಾದಳು. ಅಷ್ಟರಲ್ಲಿ ಧೂಪದ ಹೊಗೆಗೆ ಅಲಾರಂ ಕೂಗಿಕೊಂಡಿತು. ಟವೆಲ್ ಬೀಸಿ ಬೀಸಿ ಅದನ್ನು ಅಡಗಿಸಿದೆವು.

ಕಡುಬು ತಿನ್ನುವಾಗ ಏಳು ವರ್ಷದ ಮಗನ ಸರದಿ. ಶಾಲೆಯಲ್ಲಿ ಗೆಳೆಯನೊಬ್ಬ ನಿಮಗೆ ಎಷ್ಟು ದೇವರು ಎಂದು ಕೇಳಿದ್ದನಂತೆ. ಇವನು ಹೆಮ್ಮೆಯಿಂದ ಮೂವತ್ತಮೂರು ಕೋಟಿ ಎಂದು ಹೇಳಿ ಬಂದಿದ್ದ. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಶಾಕಲ್ಯ ಯಾಜ್ಞವಲ್ಕ್ಯರನ್ನು ಕೇಳುವುದೂ ಇದನ್ನೇ. ಮೊದಲ ಉತ್ತರ 3,306. ಸರಿ, ನಿಜವಾಗಿ ಎಷ್ಟು? 33. ನಿಜವಾಗಿ? ಆರು. ಆಮೇಲೆ ಮೂರು, ಎರಡು, ಒಂದೂವರೆ, ಒಂದು.

ಕತೆ ಒಂದಕ್ಕೆ ಬಂದು ನಿಂತದ್ದು ಮಕ್ಕಳ ಕಿವಿಗೆ ಬೀಳಲೇ ಇಲ್ಲ. "ಒಂದೂವರೆ ದೇವರೇ!" ಎಂದು ಇಬ್ಬರೂ ಬಿದ್ದು ಬಿದ್ದು ನಕ್ಕರು. ಅರ್ಧ ದೇವರಿಗೆ ಸೊಂಡಿಲು ಇರುತ್ತದೆಯೋ ಇಲ್ಲವೋ ಎಂಬ ಜಗಳವೂ ಆಯಿತು. ಆ ಒಂದೂವರೆ ಎಂದರೆ ಬೀಸುವ ಗಾಳಿ, ಕೊನೆಯ ಒಂದು ಎಂದರೆ ಪ್ರಾಣ ಎಂದೆ.

"ಬೆಳಿಗ್ಗೆ ಗಣಪನಿಗೆ ಇಟ್ಟೆವಲ್ಲ, ಅದೇ ಪ್ರಾಣವೇ?" ಎಂದಳು ಮಗಳು. ಹೌದು ಎಂದೆ. ನನಗೂ ಆಗಲೇ ಹೊಳೆದದ್ದು.

ಸಂಜೆ ಮಂಗಳಾರತಿ ಎತ್ತಿ, ಗಣಪನನ್ನು ತುಸು ಕದಲಿಸಿ, ಮುಂದಿನ ವರ್ಷ ಮತ್ತೆ ಬಾ ಎಂದು ಬೇಡಿಕೊಂಡು, ಸ್ನಾನದ ಮನೆಯ ಬಕೆಟ್ಟಿನಲ್ಲಿ ಇಳಿಸಿದೆವು. ಚೆನ್ನಾಗಿ ಒಣಗಿದ್ದ ಮಣ್ಣು ನೀರು ಕುಡಿಯುತ್ತಿದ್ದಂತೆ ಸಣ್ಣ ಸಣ್ಣ ಗುಳ್ಳೆಗಳು ಸಾಲಾಗಿ ಮೇಲೆದ್ದವು. ಮಗಳು ಬಕೆಟ್ಟಿನ ಮೇಲೆ ಬಗ್ಗಿ, "ಅಪ್ಪಾ, ಉಸಿರು ಬಿಡುತ್ತಿದ್ದಾನೆ" ಎಂದು ಪಿಸುಗುಟ್ಟಿದಳು. ಮಗ ಗುಳ್ಳೆ ಎಣಿಸಲು ಕುಳಿತ. ಮೂವತ್ತಮೂರು ದಾಟುತ್ತಲೇ ಲೆಕ್ಕ ತಪ್ಪಿತು.