ನೋಡೋಕೊಂದು ಡಿಸ್ಕ್, ಇಡೋಕೊಂದು ಡಿಸ್ಕ್

ಅಕ್ಕ ಫೋನಲ್ಲಿ ಹೇಳಿದ್ದು ಇಷ್ಟೇ. "ಆ ಹಳೇ ಕ್ಯಾಸೆಟ್‌ಗಳನ್ನೆಲ್ಲ ಡಿಸ್ಕಿಗೆ ಹಾಕಿಕೊಡೋ, ಅಮ್ಮಂಗೆ ಟಿವೀಲಿ ನೋಡ್ಬೇಕಂತೆ." ಹಿಂದೆಯೇ ಒಂದು ಡಬ್ಬ ಬಂತು. ಒಳಗೆ ಮಿನಿ ಡಿವಿ ಟೇಪುಗಳು, ಭಾವನ ಇನ್ನೊಂದು ಕ್ಯಾಮೆರಾದ ಅಂಗೈಯಗಲದ ಡಿವಿಡಿಗಳು, ತಳದಲ್ಲಿ ಎರಡು ವಿಸಿಡಿ. ಡಿಸ್ಕ್ ಅಂದಳೇ ಹೊರತು ಯಾವ ಡಿಸ್ಕ್ ಅಂತ ಅಕ್ಕ ಹೇಳಲಿಲ್ಲ. ಅದು ಅವಳ ತಲೆನೋವೂ ಅಲ್ಲ ಬಿಡಿ. ನನ್ನ ರಜೆಯನ್ನೆಲ್ಲ ತಿಂದದ್ದು ಮಾತ್ರ ಆ ಪ್ರಶ್ನೆಯೇ.

ಮೊದಲು ಟೇಪು ಹಿಡಿದೆ. ಮಿನಿ ಡಿವಿಯಲ್ಲಿ ವಿಡಿಯೊ ಡಿಜಿಟಲ್ ಆಗಿಯೇ ಇರುತ್ತದೆ. ಫೈರ್‌ವೈರ್ ಕೇಬಲ್ ಸಿಕ್ಕಿಸಿ ಕಂಪ್ಯೂಟರಿಗೆ ಇಳಿಸಿಕೊಂಡರೆ ಟೇಪಿನಲ್ಲಿದ್ದದ್ದು ಇದ್ದ ಹಾಗೇ ಬರುತ್ತದೆ. ಅವಸರ ಮಾಡೋ ಹಾಗಿಲ್ಲ, ಒಂದು ಗಂಟೆಯ ಟೇಪಿಗೆ ಒಂದು ಗಂಟೆ ಕೂರಲೇಬೇಕು. ಬಂದ ಫೈಲು ಗಂಟೆಗೆ ಸುಮಾರು 13 ಜಿಬಿ. ನನಗೆ ಖುಷಿ ಕೊಟ್ಟದ್ದು ಇನ್ನೊಂದು ವಿಷಯ. ಚಿತ್ರದ ಜೊತೆಜೊತೆಗೇ ಅದನ್ನು ತೆಗೆದ ದಿನಾಂಕ, ಗಂಟೆ, ನಿಮಿಷ ಎಲ್ಲವೂ ಟೇಪಿನಲ್ಲಿ ದಾಖಲಾಗಿರುತ್ತದೆ. ಪರದೆಯ ಮೇಲೆ ಕಾಣದಿದ್ದರೂ ಡಿವಿ ಫೈಲಿನೊಳಗೆ ಅದು ಭದ್ರವಾಗಿದೆ. ಅಜ್ಜ ವರಾಂಡದಲ್ಲಿ ಕೂತು ಕನ್ನಡಕ ಒರೆಸಿಕೊಳ್ಳುವ ತುಣುಕು ಯಾವ ವರ್ಷದ್ದು ಅಂತ ಮನೆಯಲ್ಲಿ ಸದಾ ಜಗಳ. ಫೈಲು ತೆರೆದು ನೋಡಿದ ಕೂಡಲೇ ಆ ಜಗಳ ಮುಗಿಯಿತು.

ಇನ್ನು ಡಿವಿಡಿಯ ಅಳತೆ 4.7 ಜಿಬಿ. 13 ಜಿಬಿ ಅದರೊಳಗೆ ಹೋಗುವುದಿಲ್ಲ. ಪ್ಲೇಯರಿನಲ್ಲಿ ಓಡುವ ಡಿವಿಡಿ ಬೇಕೆಂದರೆ ಅದನ್ನು ಎಂಪೆಗ್-2 ಅನ್ನುವ ವಿಡಿಯೊ ರೂಪಕ್ಕೆ ತಂದು ಹಿಂಡಬೇಕು. ಒಂದು ಡಿಸ್ಕಿಗೆ ಒಂದೇ ಗಂಟೆ ಹಾಕಿದರೆ ಚೆನ್ನಾಗಿಯೇ ಬರುತ್ತದೆ. ಡಿಸ್ಕ್ ಉಳಿಸೋಣ ಅಂತ ಎರಡು ಗಂಟೆ ತುರುಕಿ ನೋಡಿದೆ. ಜನ ಕೂತು ಮಾತಾಡುವ ಕಡೆಯೆಲ್ಲ ಪರವಾಗಿಲ್ಲ. ಅಕ್ಕನ ಮಗಳು ತೋಟದ ಪೈಪಿನ ನೀರಿನಲ್ಲಿ ಕುಣಿಯುವ ದೃಶ್ಯ ಬಂದಾಗ ನೀರೇ ಇಲ್ಲ! ಹನಿಗಳ ಜಾಗದಲ್ಲಿ ಬೂದು ಬಣ್ಣದ ಚೌಕಗಳು. ಡಿವಿ ಪ್ರತಿ ಫ್ರೇಮನ್ನೂ ಬಿಡಿಬಿಡಿಯಾಗಿ ಇಡುತ್ತದೆ. ಎಂಪೆಗ್-2 ಹಾಗಲ್ಲ, ಹಿಂದಿನ ಮುಂದಿನ ಫ್ರೇಮಿಗೂ ಇದಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಬರೆದುಕೊಂಡು ಜಾಗ ಉಳಿಸುತ್ತದೆ. ಚಿಮ್ಮುವ ನೀರಿನಲ್ಲಿ ವ್ಯತ್ಯಾಸ ಬಿಟ್ಟರೆ ಬೇರೇನಿದೆ? ದಿನಾಂಕದ ಮಾಹಿತಿಯೂ ಈ ಹಿಂಡಾಟದಲ್ಲಿ ಸೋರಿಹೋಗುತ್ತದೆ.

ಅಲ್ಲಿಗೆ ಕೆಲಸ ಎರಡಾಯಿತು. ಅಮ್ಮ ನೋಡೋಕೆ ಒಂದು ಡಿಸ್ಕ್, ಜೋಪಾನವಾಗಿ ಇಡೋಕೆ ಇನ್ನೊಂದು. ಎರಡೂ ಒಂದೇ ಡಿಸ್ಕಿನಲ್ಲಿ ಆಗಲಿ ಅಂತ ಹೊರಟರೆ ಎರಡೂ ಕೆಡುತ್ತವೆ.

ಅಮ್ಮನದು ಬೇಗ ಇತ್ಯರ್ಥವಾಯಿತು. ಡಿವಿಡಿ-ಆರ್ 1997ರಲ್ಲಿ ಬಂದದ್ದು, ಡಿವಿಡಿ+ಆರ್ 2002ರಲ್ಲಿ. ಅಳತೆ ಒಂದೇ, ಲೇಸರಿಗೆ ದಾರಿ ತೋರಿಸಲು ಡಿಸ್ಕಿನ ಗೆರೆಯಲ್ಲಿ ಮಾಡಿಟ್ಟ ಗುರುತುಗಳ ವಿಧಾನ ಬೇರೆ. ಈಚಿನ ಪ್ಲೇಯರ್‌ಗಳಿಗೆ ಎರಡೂ ಒಂದೇ. ಅಮ್ಮನದು ಹಳೇ ಪ್ಲೇಯರ್, ಹಾಗಾಗಿ ಮೈನಸ್. ಅಳಿಸಿ ಬರೆಯುವ ಆರ್‌ಡಬ್ಲ್ಯೂ ಡಿಸ್ಕುಗಳು ಬೆಳಕನ್ನು ಕಡಿಮೆ ಹಿಂದಿರುಗಿಸುತ್ತವೆ, ಹಳೇ ಪ್ಲೇಯರ್‌ಗಳು ಅವನ್ನು ಕಂಡರೆ ತಡವರಿಸುತ್ತವೆ. ಅದು ಬೇಡ ಅಂತ ಬಿಟ್ಟೆ. ಮೆನು ಕೂಡ ಹಾಕಲಿಲ್ಲ. ಡಿಸ್ಕ್ ಒಳಗೆ ಹೋದರೆ ವಿಡಿಯೊ ಶುರುವಾಗಬೇಕು, ರಿಮೋಟಿನ ಬಾಣದ ಗುಂಡಿ ಹುಡುಕುತ್ತಾ ಅಮ್ಮ ಕೂರಬಾರದು.

ಪುಟ್ಟ ಡಿವಿಡಿಗಳದು ಬೇರೆಯೇ ಕಥೆ. 8 ಸೆಂ.ಮೀ. ಅಗಲ, 1.4 ಜಿಬಿ ಜಾಗ. ಒಂದನ್ನು ಹಾಕಿದರೆ ಕಂಪ್ಯೂಟರು "ಖಾಲಿ ಡಿಸ್ಕ್, ಏನು ಬರೆಯಲಿ?" ಅಂತ ಕೇಳಿತು. ಎದೆ ಧಸಕ್ ಅಂತು. ಹೊರತೆಗೆದು ದೀಪದ ಕೆಳಗೆ ಓರೆ ಮಾಡಿ ಹಿಡಿದೆ. ಒಳಗಿನ ತೂತಿನಿಂದ ಅರ್ಧದಾಚೆಯವರೆಗೆ ಒಂದು ಬಳೆಯಷ್ಟು ಜಾಗ ಸ್ವಲ್ಪ ಕಪ್ಪಾಗಿದೆ, ಅದರಾಚೆ ಬಣ್ಣ ತಿಳಿ. ಅಂದರೆ ಬರೆದದ್ದು ಇದೆ, ಫೈನಲೈಸ್ ಆಗಿಲ್ಲ ಅಷ್ಟೆ. ಆ ಕೊನೆಯ ಹಂತ ಮುಗಿಯದಿದ್ದರೆ ಬೇರೆ ಡ್ರೈವ್‌ಗಳಿಗೆ ಒಳಗೇನಿದೆ ಅಂತ ತಿಳಿಯುವುದಿಲ್ಲ. ಭಾವನಿಗೆ ಫೋನ್ ಮಾಡಿದೆ. ಅದೃಷ್ಟಕ್ಕೆ ಅವರು ಆ ಕ್ಯಾಮೆರಾ ಬಿಸಾಡಿರಲಿಲ್ಲ. ಬ್ಯಾಟರಿ ಸತ್ತಿತ್ತು, ಅಡಾಪ್ಟರ್ ಹಾಕಿದರೆ ಓಡಿತು. ಅದರಲ್ಲೇ ಫೈನಲೈಸ್ ಮಾಡಿದ ಮೇಲೆ ಕಂಪ್ಯೂಟರೂ ತಕರಾರಿಲ್ಲದೆ ಓದಿತು. ಇಂಥ ಡಿಸ್ಕ್ ನಿಮ್ಮಲ್ಲೂ ಇದ್ದರೆ ಕಂಪ್ಯೂಟರ್ ಕೇಳಿದ ಪ್ರಶ್ನೆಗೆ ದಯವಿಟ್ಟು ಹೂಂ ಅನ್ನಬೇಡಿ.

ವಿಸಿಡಿಗಳಲ್ಲಿ ಒಂದು ಹೋಗೇಬಿಟ್ಟಿತ್ತು. ಮೇಲೆ ಕಾಗದದ ಲೇಬಲ್ ಅಂಟಿಸಿದ್ದರು, ಅದು ಒಂದು ಮೂಲೆಯಲ್ಲಿ ಎದ್ದು ಬರುವಾಗ ಬೆಳ್ಳಿ ಪದರವನ್ನೂ ಕಿತ್ತುಕೊಂಡು ಬಂದಿತ್ತು. ಡಿಸ್ಕಿನಾಚೆ ಕಿಟಕಿ ಕಾಣುತ್ತಿತ್ತು. ಸಿಡಿಯಲ್ಲಿ ಮಾಹಿತಿ ಇರುವುದು ಲೇಬಲ್ಲಿನ ಕೆಳಗೇ, ಹೊಳೆಯುವ ಬದಿಗಿಂತ ಮೇಲಿನ ಬದಿಯೇ ನಾಜೂಕು. ಡಿವಿಡಿಯಲ್ಲಿ ಅದು 0.6 ಮಿ.ಮೀ.ನ ಎರಡು ಪ್ಲಾಸ್ಟಿಕ್ ತಟ್ಟೆಗಳ ನಡುವೆ ಕೂತಿರುತ್ತದೆ. ಡಿವಿಡಿಯ ನಂತರ ಬಂದ, ಹೆಚ್ಚು ಹಿಡಿಸುವ ಬ್ಲೂ-ರೇ ಡಿಸ್ಕಿನಲ್ಲಿ ಉಲ್ಟಾ, ಲೇಸರ್ ಬೀಳುವ ಬದಿಯಿಂದ ಬರೀ 0.1 ಮಿ.ಮೀ. ಒಳಗೆ. ಅದಕ್ಕೇ ಆ ಬದಿಗೆ ಗಟ್ಟಿ ಲೇಪ ಹಚ್ಚಿರುತ್ತಾರೆ.

ಇಡುವ ಡಿಸ್ಕಿಗೆ ನಾನು ಬ್ಲೂ-ರೇ ಕಡೆಗೇ ವಾಲಿದ್ದೆ. ಡಿವಿಡಿಯಲ್ಲಾದರೆ ಒಂದು ಟೇಪಿನ ಫೈಲನ್ನು ಮೂರು ತುಂಡು ಮಾಡಬೇಕು. ಮೂರರಲ್ಲಿ ಒಂದು ಕಳೆದುಹೋಗೋದು ಗ್ಯಾರಂಟಿ, ನಮ್ಮ ಮನೆಯ ರೀತಿ ನನಗೆ ಗೊತ್ತಲ್ವಾ. ಬರೆಯುವ ಡಿವಿಡಿಯಲ್ಲಿರುವುದು ಸಾವಯವ ಬಣ್ಣದ ಪದರ, ಬಿಸಿಲು ಸೆಕೆ ಎರಡೂ ಅದಕ್ಕಾಗದು. ಮಾಮೂಲಿ ಬಿಡಿ-ಆರ್‌ನಲ್ಲಿ, ಅಂದರೆ ಒಮ್ಮೆ ಬರೆಯುವ ಬ್ಲೂ-ರೇಯಲ್ಲಿ, ಆ ಬಣ್ಣವಿಲ್ಲ, ಬೇರೆ ಜಾತಿಯ ಗಟ್ಟಿ ಪದರವಿದೆ. ಇದನ್ನು ಎಚ್‌ಟಿಎಲ್ ಅನ್ನುತ್ತಾರೆ. ಎಲ್‌ಟಿಎಚ್ ಅಂತ ಇನ್ನೊಂದು ಬಗೆ ಉಂಟು, ಅದರಲ್ಲಿ ಮತ್ತೆ ಅದೇ ಸಾವಯವ ಬಣ್ಣ. ಹೊರಗಿನಿಂದ ಎರಡೂ ಬ್ಲೂ-ರೇಯೇ. ಡಬ್ಬದ ಮೇಲಿನ ಸಣ್ಣ ಅಕ್ಷರ ಓದಿಯೇ ಕೊಳ್ಳಬೇಕು. ಎಂ-ಡಿಸ್ಕ್ ಬಗ್ಗೆಯೂ ಯೋಚಿಸಿದೆ. ಸಾವಿರ ವರ್ಷ ಬಾಳುತ್ತದೆ ಅಂತ ಅದನ್ನು ತಂದವರ ಮಾತು. ಸುಳ್ಳಾದರೆ ದೂರು ಕೊಡೋಕೆ ಯಾರಿರ್ತಾರೆ? ಡಿಸ್ಕಿಗಿಂತ ಮೊದಲು ಅದನ್ನು ಓದುವ ಡ್ರೈವ್‌ಗಳೇ ಮಾಯವಾಗುತ್ತವೆ ಅನ್ನುವುದು ನನ್ನ ಲೆಕ್ಕ.

ಲೆಕ್ಕ ಅಂದಾಗ ನೆನಪಾಯಿತು. ಬಿಡಿ-ಆರ್ 25 ಜಿಬಿ. ಎರಡು ತುಂಬಿದ ಟೇಪು ಸೇರಿದರೆ 26ಕ್ಕೆ ಒಂಚೂರು ಕಮ್ಮಿ. ಕೂದಲೆಳೆಯಲ್ಲಿ ತಪ್ಪಿತು! ಎರಡು ಪದರದ 50 ಜಿಬಿ ಡಿಸ್ಕಿನಲ್ಲೂ ಇದೇ ಹಣೆಬರಹ, ನಾಲ್ಕು ಟೇಪು ಹಿಡಿಸುವುದಿಲ್ಲ. 100 ಜಿಬಿಯ ಬಿಡಿಎಕ್ಸ್‌ಎಲ್ ಬೇಕೆಂದರೆ ಅದಕ್ಕೆಂದೇ ಮಾಡಿದ ಡ್ರೈವ್ ಬೇಕು, ಒಂದು ಡಿಸ್ಕ್ ಕೈಕೊಟ್ಟರೆ ಏಳು ಟೇಪು ಒಟ್ಟಿಗೇ ಹೋಗುತ್ತವೆ. ಕೊನೆಗೆ ಒಂದು ಪದರದ 25 ಜಿಬಿಯನ್ನೇ ಆರಿಸಿ, ಒಂದು ಡಿಸ್ಕಿಗೆ ಒಂದು ಟೇಪು ಅಂತ ಮಾಡಿದೆ. ಉಳಿದ ಜಾಗ ದಂಡವಾಗಲಿಲ್ಲ. ಪುಟ್ಟ ಡಿವಿಡಿಗಳ ಫೈಲುಗಳು ಅಲ್ಲಿಗೆ ಹೋದವು. ಜೊತೆಗೆ ಪಾರ್2 ಫೈಲುಗಳು. ಮುಂದೆಂದೋ ಡಿಸ್ಕಿನ ಒಂದಿಷ್ಟು ಭಾಗ ಓದಲಾಗದಿದ್ದರೆ ಇವುಗಳಿಂದ ಆ ಭಾಗವನ್ನು ಮತ್ತೆ ಕಟ್ಟಿಕೊಳ್ಳಬಹುದು. ಪ್ರತಿಯೊಂದು ಫೈಲಿನ ಚೆಕ್‌ಸಮ್, ಅಂದರೆ ಫೈಲು ಬದಲಾಗಿದೆಯೇ ಅಂತ ತಾಳೆ ನೋಡುವ ಸಂಖ್ಯೆ, ಬರೆದಿಟ್ಟ ಪಠ್ಯದ ಫೈಲೂ ಇದೆ.

ಬರ್ನ್ ಮಾಡಿದ್ದು 4 ಪಟ್ಟು ವೇಗದಲ್ಲಿ. ತುಂಬಿದ ಡಿಸ್ಕಿಗೆ ಹತ್ತಿರ ಹತ್ತಿರ 25 ನಿಮಿಷ. ಆಮೇಲೆ ಇನ್ನೊಂದು ಡ್ರೈವಿನಲ್ಲಿ ಹಾಕಿ ಪೂರ್ತಿ ಓದಿಸಿ ತಾಳೆ ನೋಡಿದೆ. ಬರೆದ ಡ್ರೈವ್ ತನ್ನ ಅಕ್ಷರ ತಾನು ಓದುವುದು ದೊಡ್ಡ ವಿಷಯವಲ್ಲ, ಬೇರೆಯದು ಓದಬೇಕು. ಹೆಸರನ್ನು ಡಿಸ್ಕಿಗೆಂದೇ ಇರುವ ಮಾರ್ಕರಿನಲ್ಲಿ ಬರೆದೆ. ಸ್ಟಿಕ್ಕರ್ ಮಾತ್ರ ಮನೆಯೊಳಗೇ ಬರಬಾರದು ಅಂತ ಆ ವಿಸಿಡಿ ನೋಡಿದಾಗಲೇ ತೀರ್ಮಾನವಾಗಿತ್ತು.

ನೀರಿನಲ್ಲಿ ಕುಣಿದಿದ್ದ ಹುಡುಗಿ ಈಗ ಕಾಲೇಜು. ಪಕ್ಕದಲ್ಲಿ ಕೂತು ನಕ್ಕಳು. "ಮಾಮ, ಈಗ್ಲೂ ಡಿಸ್ಕಾ? ಕ್ಲೌಡಿಗೆ ಹಾಕಿ ಸುಮ್ನಿರಿ." ಅಲ್ಲಿಗೂ ಹಾಕಿದ್ದೇನೆ, ಹಾರ್ಡ್ ಡಿಸ್ಕಿನಲ್ಲೂ ಒಂದು ಪ್ರತಿ ಇದೆ ಅಂದೆ. ಆದರೆ ಅಲ್ಲಿ ಒಂದು ಗುಂಡಿ ಒತ್ತಿದರೆ ಎಲ್ಲ ಅಳಿಸಿಹೋಗುತ್ತದೆ. ವೈರಸ್ ಬಂದರೂ ಅಷ್ಟೇ. ಒಮ್ಮೆ ಬರೆದ ಬಿಡಿ-ಆರ್ ಮೇಲೆ ಯಾರೂ ಮತ್ತೆ ಗೀಚಲಾರರು. ಅವಳ ನಗುವಿನಲ್ಲೂ ಅರ್ಥವಿಲ್ಲದೆ ಇಲ್ಲ. ಸೋನಿ ಕಂಪನಿ 2025ರ ಫೆಬ್ರವರಿಯಲ್ಲಿ ಬರೆಯುವ ಬ್ಲೂ-ರೇ ಡಿಸ್ಕುಗಳ ತಯಾರಿಕೆ ನಿಲ್ಲಿಸಿತು. ಮಿನಿ ಡಿವಿ ಕ್ಯಾಸೆಟ್‌ಗಳ ತಯಾರಿಕೆಯೂ ನಿಂತದ್ದು ಅದೇ ತಿಂಗಳು. ಬೇರೆಯವರ ಬ್ಲೂ-ರೇ ಡಿಸ್ಕುಗಳು ಇನ್ನೂ ಸಿಗುತ್ತವೆ. ಆದರೂ ಬ್ಲೂ-ರೇ ಓದುವ ಯುಎಸ್‌ಬಿ ಡ್ರೈವ್ ಇನ್ನೊಂದನ್ನು ಕೊಂಡು ಡಿಸ್ಕುಗಳ ಜೊತೆಯಲ್ಲೇ ಇಟ್ಟಿದ್ದೇನೆ.

"ಟೇಪು ಎಸೆಯಲಾ?" ಅಂತ ಅಕ್ಕ ಕೇಳಿದಳು. ಬೇಡ ಅಂದೆ. ಅದರಲ್ಲೊಂದು ಎಲ್‌ಪಿ ಮೋಡಿನಲ್ಲಿ ತೆಗೆದದ್ದು, 60 ನಿಮಿಷದ ಟೇಪಿನಲ್ಲಿ 90 ನಿಮಿಷ ಬರೆದಿದ್ದಾರೆ. ಇಂಥವು ತೆಗೆದ ಕ್ಯಾಮೆರಾದಲ್ಲೇ ಸರಿಯಾಗಿ ಓಡುವುದು ಜಾಸ್ತಿ. ನನ್ನದರಲ್ಲಿ ಚಿತ್ರ ಒಡೆದು ಚೂರಾಗುತ್ತಿದೆ, ದನಿ ಕತ್ತರಿಸಿ ಬರುತ್ತಿದೆ. ತೆಗೆದ ಕ್ಯಾಮೆರಾ ಚಿಕ್ಕಪ್ಪನ ಅಟ್ಟದಲ್ಲಿ ಇರಬೇಕಂತೆ, ಹುಡುಕಿಸುತ್ತೇನೆ ಅಂದಿದ್ದಾರೆ. ಸಿಕ್ಕರೆ ಫೈಲು 19 ಜಿಬಿ ಚಿಲ್ಲರೆ ಆಗುತ್ತದೆ, ಒಂದೇ ಡಿಸ್ಕಿನಲ್ಲಿ ಹಿಡಿಸುತ್ತದೆ.