ಫೈಟರ್‌ಗಳನ್ನು ನೋಡಿ ನೋಡಿ ನಮ್ಮ ಹುಡುಗ ಕೆಡ್ತಾನಾ?

ಮುಂಬೈನ ಮಾಟುಂಗಾದಲ್ಲಿ ಕನ್ನಡ ಕಾರ್ಯಕ್ರಮ ಮುಗಿದು ಚಹಾ ಕುಡಿಯುವಾಗಲೂ, ಡೊಂಬಿವಲಿಯಲ್ಲಿ ಬಾಕ್ಸಿಂಗ್ ಕ್ಲಾಸಿನ ಬಾಗಿಲಲ್ಲೂ ತಂದೆತಾಯಿಯರು ನಮ್ಮನ್ನು ಕೇಳುವ ಪ್ರಶ್ನೆ ಒಂದೇ: "ಸರ್, ಇವನು ಮೂರು ಹೊತ್ತೂ ಫೈಟರ್‌ಗಳ ವಿಡಿಯೋ ನೋಡ್ತಾನೆ, ಹೀರೋ ಥರ ಬಾಡಿ ಬೇಕು ಅಂತಾನೆ. ನಿಲ್ಲಿಸೋದಾ, ಬಿಡೋದಾ?" ನಿಲ್ಲಿಸಬೇಡಿ, ಜೊತೆಗೆ ಕೂತು ನೋಡಿ. ಪರದೆಯ ಮೇಲೆ ಬಾರದ ಭಾಗವನ್ನು ಅವನಿಗೆ ಹೇಳಿಕೊಡಬೇಕಾದವರು ನೀವೇ.

ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1961ರಲ್ಲಿ ಅಮೆರಿಕದಲ್ಲಿ ಒಂದು ಪ್ರಯೋಗ ಮಾಡಿದರು. ದೊಡ್ಡವರೊಬ್ಬರು ಗಾಳಿ ತುಂಬಿದ ಬೊಂಬೆಯನ್ನು ಸುತ್ತಿಗೆಯಲ್ಲಿ ಹೊಡೆಯುವುದನ್ನು ನೋಡಿದ ಮಕ್ಕಳು, ಆಮೇಲೆ ಹಾಗೇ ಹೊಡೆದರು, ಅವರ ಬಾಯಿಂದ ಬಂದ ಮಾತುಗಳನ್ನೂ ಆಡಿದರು. ಮುಂದೆ 1965ರಲ್ಲಿ ಇನ್ನೊಂದು ಸಂಗತಿ ತಿಳಿಯಿತು. ಹೊಡೆದವನಿಗೆ ಶಿಕ್ಷೆಯಾದದ್ದನ್ನು ನೋಡಿದ ಮಕ್ಕಳು ಕಡಿಮೆ ನಕಲು ಮಾಡಿದರು. ಆದರೆ ಮಾಡಿ ತೋರಿಸಿದರೆ ಬಹುಮಾನ ಎಂದಾಗ ಅವರೂ ಮಾಡಿ ತೋರಿಸಿದರು. ಅಂದರೆ ಕಲಿಕೆ ಎಲ್ಲರಲ್ಲೂ ಆಗಿತ್ತು, ಮಾಡುವುದೋ ಬಿಡುವುದೋ ಎಂಬುದನ್ನು ಪರಿಣಾಮ ನಿರ್ಧರಿಸಿತ್ತು. ಸಿನಿಮಾದ ಹೊಡೆದಾಟದಲ್ಲಿ ಇಲ್ಲದಿರುವುದು ಆ ಪರಿಣಾಮವೇ.

ಮುಷ್ಟಿಯನ್ನೇ ನೋಡಿ. ಹೀರೋ ಬರಿಗೈಯಲ್ಲಿ ಇಪ್ಪತ್ತು ಜನರ ದವಡೆಗೆ ಗುದ್ದಿದರೂ ಅವನ ಕೈಗೆ ಏನೂ ಆಗುವುದಿಲ್ಲ. ಹುಡುಗ ಸಿಟ್ಟಲ್ಲಿ ಗೋಡೆಗೋ ಗೆಳೆಯನ ತಲೆಗೋ ಗುದ್ದಿದರೆ ಕಿರುಬೆರಳ ಬುಡದಿಂದ ಅಂಗೈಗೆ ಇಳಿಯುವ ಮೂಳೆ ಮುರಿಯಬಹುದು. ಇದಕ್ಕೆ ಬಾಕ್ಸರ್ಸ್ ಫ್ರ್ಯಾಕ್ಚರ್ ಎಂದೇ ಹೆಸರು. ನಿಜವಾದ ಬಾಕ್ಸರ್ ಗ್ಲೌಸ್ ಹಾಕುವ ಮೊದಲು ಕೈಗೆ 4.5 ಮೀಟರ್ ಉದ್ದದ ಪಟ್ಟಿ ಸುತ್ತುತ್ತಾನೆ. ಕುಣಿಕೆಯನ್ನು ಹೆಬ್ಬೆರಳಿಗೆ ಸಿಕ್ಕಿಸಿ ಮಣಿಕಟ್ಟಿಗೆ ಮೂರು ಸುತ್ತು, ಗೆಣ್ಣುಗಳ ಮೇಲೆ ಮೂರು ಸುತ್ತು, ಆಮೇಲೆ ಬೆರಳ ಸಂದಿನಲ್ಲಿ ಒಂದೊಂದಾಗಿ ಹಾಯಿಸಿ, ಉಳಿದದ್ದನ್ನು ಮತ್ತೆ ಮಣಿಕಟ್ಟಿಗೆ ಬಿಗಿದರೆ ಆಯಿತು. ಸುತ್ತುವಾಗ ಬೆರಳು ಅಗಲಿಸಿರಬೇಕು. ಬೆರಳು ಜೋಡಿಸಿಕೊಂಡು ಸುತ್ತಿದರೆ ಮುಷ್ಟಿ ಹಿಡಿದೊಡನೆ ಪಟ್ಟಿ ಬಿಗಿದು ಬೆರಳ ತುದಿ ಜೋಮು ಹಿಡಿಯುತ್ತದೆ. ಇದನ್ನು ಮನೆಯಲ್ಲೇ ಮಗನಿಂದ ಮಾಡಿಸಿ. ಒಂದು ಕೈಗೆ ಇಷ್ಟು ತಯಾರಿ ಬೇಕು ಎಂದು ಗೊತ್ತಾದ ಹುಡುಗ ಗೋಡೆಗೆ ಗುದ್ದುವ ಮುನ್ನ ಒಮ್ಮೆ ಯೋಚಿಸುತ್ತಾನೆ.

ರೆಸ್ಲಿಂಗ್ ಶೋಗಳ ಅಪಾಯ ಇನ್ನೂ ಹೆಚ್ಚು. ಅಲ್ಲಿ ಗೆಲ್ಲುವವರು ಯಾರೆಂದು ಮೊದಲೇ ನಿಶ್ಚಯವಾಗಿರುತ್ತದೆ, ಆದರೆ ಬೀಳುವುದು ಸುಳ್ಳಲ್ಲ. ರಿಂಗಿನ ತಳದಲ್ಲಿ ಉಕ್ಕಿನ ಚೌಕಟ್ಟು, ಮೇಲೆ ಬಾಗುವ ಹಲಗೆ, ತೆಳು ಫೋಮು, ಕ್ಯಾನ್ವಾಸು. ಬೀಳುವವನು ಗದ್ದವನ್ನು ಎದೆಗೆ ಒತ್ತಿ, ಮೇಲುಬೆನ್ನಿನ ಮೇಲೆ ಬಿದ್ದು, ಎರಡೂ ಕೈ ನೆಲಕ್ಕೆ ಬಡಿದು ಪೆಟ್ಟನ್ನು ಹಂಚುತ್ತಾನೆ. ಎತ್ತಿದವನು ಅವನನ್ನು ಕೊನೆಯವರೆಗೂ ಹಿಡಿದಿರುತ್ತಾನೆ. ಮನೆಯ ಹಾಸಿಗೆಯ ಮೇಲೆ ಅಣ್ಣ ತಮ್ಮನನ್ನು ಎತ್ತಿ ಹಾಕಿದರೆ ಮೊದಲು ತಾಗುವುದು ತಲೆ, ಬಾಗುವುದು ಕತ್ತು. ಇದೊಂದಕ್ಕೆ ಮಾತ್ರ ನಾವು ಖಡಾಖಂಡಿತ ಬೇಡ ಎನ್ನುತ್ತೇವೆ. ಯಕ್ಷಗಾನ ನೋಡಿ ಬಂದು ಮನೆಯ ಟೈಲ್ಸ್ ಮೇಲೆ ಮಂಡಿ ಹಾಕಿ, ಅಂದರೆ ಮಂಡಿಯೂರಿ ಗಿರಗಿರ ತಿರುಗಿ, ಮೊಣಕಾಲು ಊದಿಸಿಕೊಳ್ಳುವ ಮಕ್ಕಳೂ ಇದ್ದಾರೆ. ವೇಷಧಾರಿಯ ವರ್ಷಗಟ್ಟಲೆಯ ಅಭ್ಯಾಸ ರಂಗಸ್ಥಳದಲ್ಲಿ ಕಾಣುವುದಿಲ್ಲವಲ್ಲ.

ಬಾಡಿಯ ವಿಷಯ. ಅಂಗಿ ಬಿಚ್ಚುವ ಒಂದು ಶಾಟ್‌ಗಾಗಿ ಹಲವು ನಟರು ಒಂದೆರಡು ದಿನ ಮೊದಲೇ ನೀರು, ಉಪ್ಪು ಕಡಿಮೆ ಮಾಡುತ್ತಾರೆ, ಶಾಟ್‌ಗೆ ಮುಂಚೆ ದಂಡ ಹೊಡೆದು ಸ್ನಾಯು ಉಬ್ಬಿಸುತ್ತಾರೆ, ಮೈಗೆ ಎಣ್ಣೆ ಹಚ್ಚಿ ಪಕ್ಕದಿಂದ ಬೆಳಕು ಬಿಡಿಸುತ್ತಾರೆ. ಮುಂದಿನ ವಾರ ಅವರ ಮೈಯೂ ಹಾಗಿರುವುದಿಲ್ಲ. ಅದನ್ನೇ ವರ್ಷವಿಡೀ ಬೇಕೆಂದು ಹೊರಟ ಹದಿನಾರರ ಹುಡುಗನಿಗೆ ಯಾರಾದರೂ ಸ್ನಾಯು ಬೆಳೆಸುವ ಸ್ಟೀರಾಯ್ಡ್ ಕೊಟ್ಟರೆ, ಮೂಳೆ ಬೆಳೆಯುವ ತುದಿಗಳು ಬೇಗ ಮುಚ್ಚಿ ಎತ್ತರವೇ ನಿಂತುಹೋಗಬಹುದು.

ತೂಕ ಇಳಿಸುವುದೂ ಹಾಗೇ. ಕುಸ್ತಿಪಟು ವಿನೇಶ್ ಫೋಗಟ್ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಒಂದೇ ದಿನ ಮೂರು ಕುಸ್ತಿ ಗೆದ್ದು ಫೈನಲ್ ತಲುಪಿದರು. ಮರುದಿನ ಬೆಳಗಿನ ತೂಕದಲ್ಲಿ 50 ಕಿಲೋಗಿಂತ 100 ಗ್ರಾಂ ಹೆಚ್ಚು ಬಂದು ಅನರ್ಹರಾದರು. ಅವರನ್ನು ನೋಡಿ ಕುಸ್ತಿಗೆ ಇಳಿಯುವ ಹುಡುಗಿಯರನ್ನು ಕಂಡರೆ ನಮಗೆ ಹೆಮ್ಮೆ. ಆದರೆ ಬೆಳೆಯುವ ಮಕ್ಕಳು ಸ್ಪರ್ಧೆಗಾಗಿ ಊಟ, ನೀರು ಬಿಡಬಾರದು. ಒಂದು ತೂಕವರ್ಗ ಮೇಲಕ್ಕೆ ಹೋಗಿ ಆಡಲಿ, ಸೋತರೂ ಪರವಾಗಿಲ್ಲ.

ಒಳ್ಳೆಯದು ಅಂಟುವುದಿಲ್ಲವೇ? ಖಂಡಿತ ಅಂಟುತ್ತದೆ, ಅದು ಮಾಡುವಷ್ಟು ಸುಲಭವಾಗಿದ್ದರೆ. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ಹೃದಯಾಘಾತದಿಂದ ತೀರಿಕೊಂಡಾಗ, ತಂದೆಯಂತೆಯೇ ಅವರ ಕಣ್ಣುಗಳನ್ನೂ ದಾನ ಮಾಡಲಾಯಿತು. ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯಾದ ಕಾರ್ನಿಯಾದ ಪದರ ಬೇರ್ಪಡಿಸಿ ಎರಡು ಕಣ್ಣಿನಿಂದ ನಾಲ್ವರಿಗೆ ದೃಷ್ಟಿ ಕೊಟ್ಟರು. ನೇತ್ರದಾನದ ಹೆಸರು ನೋಂದಾಯಿಸಲು ಜನ ಮುಗಿಬಿದ್ದರು. ಅದೇ ಹೊತ್ತಿಗೆ ಜಿಮ್ ಅಂದರೆ ಭಯವೂ ಹಬ್ಬಿತು, ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲಿ ಹೃದಯ ತಪಾಸಣೆಗೆ ಸಾಲು ನಿಂತಿತು. ನೇತ್ರದಾನಕ್ಕೆ ಹೆಸರು ಕೊಟ್ಟವರು ಮನೆಯವರಿಗೆ ತಿಳಿಸಿಡಬೇಕು, ಏಕೆಂದರೆ ಸಾವಿನ ನಂತರ ಒಪ್ಪಿಗೆ ಕೊಡುವವರು ಅವರೇ. ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು. ಅಲ್ಲಿಯವರೆಗೆ ರೆಪ್ಪೆ ಮುಚ್ಚಿ, ಒದ್ದೆ ಹತ್ತಿ ಇಟ್ಟು, ಫ್ಯಾನ್ ಆರಿಸಿರಬೇಕು.

ಮಗ ಕಲಿಯಲೇಬೇಕು ಎಂದು ಹಟ ಹಿಡಿದರೆ ಸೇರಿಸಿ. ಸೇರಿಸುವ ಮುನ್ನ ಒಂದು ಸಂಜೆ ಕ್ಲಾಸಿನಲ್ಲಿ ಕೂತು ನೋಡಿ: ಮಕ್ಕಳು ಸರಿಸಮ ತೂಕದವರ ಜೊತೆಗೇ ಆಡುತ್ತಾರಾ, ಹೊಸಬರನ್ನು ಮೊದಲ ವಾರವೇ ತಲೆಗೆ ಗುದ್ದಾಡಿಸುತ್ತಾರಾ, ಹಲ್ಲಿನ ಗಾರ್ಡ್ ಕಡ್ಡಾಯವಾ? ತಲೆಗೆ ಪೆಟ್ಟು ಬಿದ್ದು ಮಂಕಾದ ಹುಡುಗನನ್ನು "ಏನಾಗಲ್ಲ, ಏಳು" ಎಂದು ಮತ್ತೆ ರಿಂಗಿಗೆ ಇಳಿಸುವ ಕೋಚ್ ಇದ್ದರೆ ಅಲ್ಲಿಂದ ಎದ್ದು ಬನ್ನಿ. ಅಂಥ ಹುಡುಗ ಅವತ್ತು ಮತ್ತೆ ಆಡಬಾರದು, ಡಾಕ್ಟರ್ ನೋಡಿ ಹೇಳುವವರೆಗೂ ಆಡಬಾರದು. ವಾಂತಿ, ಹೆಚ್ಚುತ್ತಿರುವ ತಲೆನೋವು, ಎಬ್ಬಿಸಿದರೂ ಏಳದ ನಿದ್ದೆ ಕಂಡರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.